ನಾಯಿಗೆ ಜ್ವರ, ಮನೆಮಂದಿಯೆಲ್ಲ ಡಾಕ್ಟರು

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ತೋಟದ ಮನೆಗಳಲ್ಲಿ ದನಕ್ಕೆ ಸೌಖ್ಯವಿಲ್ಲದಿದ್ದರೆ ತಕ್ಷಣ ಮೃಗಾಸ್ಪತ್ರೆಗೆ ಫೋನು ಹೋಗುತ್ತದೆ. ನಾಯಿಗಾದರೆ ಮೊದಲು ಜಗಲಿಯಲ್ಲಿ ಸಭೆ ಸೇರುತ್ತದೆ. ಮಾವ ಮೂಗು ಮುಟ್ಟಿ "ಒಣಗಿದೆ, ಜ್ವರವೇ" ಅನ್ನುತ್ತಾರೆ. ಅತ್ತೆಗೆ ಅನುಮಾನ ನಿನ್ನೆಯ ಜಂಬ್ರದೂಟದ ಪಾಯಸದ ಮೇಲೆ. ಭಾವ ಆಗಲೇ ಪ್ಯಾರಾಸಿಟಮಾಲ್ ಹುಡುಕುತ್ತಿರುತ್ತಾನೆ.

ಮೂಗಿನಿಂದ ಏನೂ ಗೊತ್ತಾಗುವುದಿಲ್ಲ. ಬಿಸಿಲಲ್ಲಿ ಮಲಗಿ ಎದ್ದ ನಾಯಿಯ ಮೂಗು ಒಣಗಿಯೇ ಇರುತ್ತದೆ. ಮೈ ಮುಟ್ಟಿ ನೋಡಿದರೂ ಅಷ್ಟೆ. ನಾಯಿ, ಬೆಕ್ಕುಗಳ ಸಹಜ ಮೈಬಿಸಿಯೇ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ನಮಗಾದರೆ ರಜೆ ಹಾಕುವಷ್ಟು ಜ್ವರ. ಅಳೆಯಬೇಕಾದರೆ ಡಿಜಿಟಲ್ ಥರ್ಮಾಮೀಟರಿನ ತುದಿಗೆ ತೆಂಗಿನೆಣ್ಣೆ ಸವರಿ, ಬಾಲ ಎತ್ತಿ, ಗುದದೊಳಗೆ ಒಂದಿಂಚು, ಬೆಕ್ಕಿಗೆ ಅದರರ್ಧ, ಮೆಲ್ಲನೆ ತೂರಿಸಿ ಬೀಪ್ ಅನ್ನುವವರೆಗೆ ಹಿಡಿಯಬೇಕು. ತಲೆ ಹಿಡಿಯುವವರು ದಿನಾ ಅನ್ನ ಹಾಕುವವರೇ ಆದರೆ ಕ್ಷೇಮ. ಆಮೇಲೆ ಆ ಥರ್ಮಾಮೀಟರಿಗೆ ಕೆಂಪು ನೂಲು ಕಟ್ಟಿ ಹಟ್ಟಿಯಲ್ಲೇ ಇಡಿ. ಮನೆಯ ಮದ್ದಿನ ಡಬ್ಬಿಗೆ ವಾಪಸಾದರೆ ಮುಂದಿನ ಸಲ ಯಾರ ಬಾಯಿಗೆ ಹೋಗುತ್ತದೋ ಹೇಳಲಾಗದು.

ಸುಳ್ಳು ಹೇಳದ ಜಾಗ ವಸಡು. ತುಟಿ ಎತ್ತಿ ಬೆರಳಿಂದ ಒತ್ತಿ ಬಿಡಿ. ಬಿಳಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ನಸುಗೆಂಪಾಗಬೇಕು. ವಸಡೇ ಬೆಳ್ಳಗಿದ್ದರೆ ರಕ್ತ ಕಡಿಮೆ, ಹಳದಿಯಾದರೆ ಕಾಮಾಲೆ. ಕೆಲವು ನಾಯಿಗಳಿಗೆ ವಸಡು ಹುಟ್ಟಾ ಕಪ್ಪು, ಆಗ ಕೆಳರೆಪ್ಪೆಯ ಒಳಗೆ ನೋಡುವುದು.

ಈಗ ಭಾವನ ಸ್ಟ್ರಿಪ್. 500 ಮಿಲಿಗ್ರಾಮಿನ ಒಂದೇ ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲಬಲ್ಲದು. ಅದನ್ನು ಪಳಗಿಸಿ ಹೊರಹಾಕುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ತೀರಾ ಕಡಿಮೆ; ರಕ್ತ ಆಮ್ಲಜನಕ ಹೊರಲಾರದೆ ವಸಡು ಕಂದಾಗುತ್ತದೆ, ಮುಖ, ಪಾದ ಊದುತ್ತವೆ. "ಅರ್ಧ ಮಾತ್ರೆ ಕೊಟ್ಟರೆ?" ಎಂಬ ಚೌಕಾಸಿ ನಡೆಯುವುದಿಲ್ಲ. ಕೊಟ್ಟೇ ಬಿಟ್ಟಿದ್ದರೆ ಡಾಕ್ಟರಲ್ಲಿ ಮುಚ್ಚಿಡಬೇಡಿ. ಎಸಿಟೈಲ್‌ಸಿಸ್ಟೀನ್ ಎಂಬ ಪ್ರತಿಮದ್ದು ಇದೆ, ಬೇಗ ಕೊಡಬೇಕು. ಮಾವನ ಸೊಂಟನೋವಿನ ಐಬುಪ್ರೊಫೇನ್, ಡೈಕ್ಲೋಫೆನಾಕ್ ನಾಯಿಗೂ ಬೇಡ, ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ.

ನಾಯಿಗೆ ಜ್ವರ ಎಂದರೆ ಡಾಕ್ಟರು ಕಿವಿ ಮಡಚಿ ನೋಡುವುದು ಉಣುಗಿಗಾಗಿ. ಉಣುಗು ರಕ್ತ ಕುಡಿದು ಸುಮ್ಮನೆ ಹೋಗುವುದಿಲ್ಲ, ಎರ್ಲಿಕಿಯಾ, ಬಬೀಸಿಯಾ ಎಂಬ ರೋಗಾಣುಗಳನ್ನು ಬಿಟ್ಟು ಹೋಗುತ್ತದೆ. ಮೊದಲನೆಯದರಲ್ಲಿ ಪ್ಲೇಟ್‌ಲೆಟ್ ಇಳಿದು ಮೂಗಿನಿಂದ ರಕ್ತ ಬರಬಹುದು, ಎರಡನೆಯದರಲ್ಲಿ ಮೂತ್ರ ಕೆಂಪು, ಕಂದು. ಎರ್ಲಿಕಿಯಾಕ್ಕೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ. ಆದರೆ ನಾಲ್ಕನೆಯ ದಿನವೇ ನಾಯಿ ಪೋಸ್ಟ್‌ಮ್ಯಾನನ್ನು ಅಟ್ಟಿಸಿಕೊಂಡು ಹೋಗುತ್ತದೆ, ಮನೆಯವರು ಸಂತೋಷದಿಂದ ಮಾತ್ರೆ ನಿಲ್ಲಿಸುತ್ತಾರೆ. ರೋಗಾಣುವಿಗೆ ಅವರಿಗಿಂತ ಹೆಚ್ಚು ಸಂತೋಷ.

ಉಣುಗು ಕೀಳಲು ಚಿಮಿಣಿ ಎಣ್ಣೆಯೂ ಬೇಡ, ಊದುಬತ್ತಿಯೂ ಬೇಡ. ಹಾಗೆ ಮಾಡಿದರೆ ಅದು ಹೊಟ್ಟೆಯೊಳಗಿನದನ್ನು ನಾಯಿಯ ಮೈಗೇ ಕಕ್ಕಬಹುದು. ಚಿಮಟದಲ್ಲಿ ಚರ್ಮಕ್ಕೆ ತಾಗಿಸಿಯೇ ಹಿಡಿದು, ತಿರುಚದೆ, ನೇರಕ್ಕೆ ನಿಧಾನವಾಗಿ ಎಳೆಯಿರಿ. ಉಗುರಿನಲ್ಲಿ ಒಡೆಯುವ ಸುಖ ಬಿಟ್ಟು ಸ್ಪಿರಿಟ್ ಬಾಟಲಿಗೆ ಹಾಕಿ. ಹೊಟ್ಟೆ ತುಂಬಿದ ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ, ಅದೂ ನಾಯಿಯ ಮೈಯಲ್ಲಲ್ಲ, ಗೋಡೆಯ ಬಿರುಕಿನಲ್ಲಿ. ನಾಯಿಯನ್ನಷ್ಟೇ ಮೀಯಿಸಿ ಗೂಡನ್ನು ಬಿಟ್ಟರೆ ಕೆಲವೇ ವಾರದಲ್ಲಿ ಹೊಸ ತಂಡ ಹಾಜರು. ಇನ್ನು ಉಣುಗಿನ ಮದ್ದನ್ನು ನಾಯಿಯ ಬೆನ್ನಿಗೆ ಬಿಟ್ಟು ಉಳಿದ ನಾಲ್ಕು ಹನಿಯನ್ನು "ಹಾಳು ಮಾಡುವುದೇಕೆ" ಎಂದು ಬೆಕ್ಕಿಗೆ ಹಾಕುವ ಮಿತವ್ಯಯಿಗಳಿದ್ದಾರೆ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕು ನಡುಗಿ, ಫಿಟ್ಸ್ ಬಂದು ಸಾಯಬಹುದು.

ಗಂಡು ಬೆಕ್ಕು ಮತ್ತೆ ಮತ್ತೆ ಕೂತು ತಿಣುಕುತ್ತಿದ್ದರೆ ಸಭೆಯ ತೀರ್ಪು ಒಂದೇ: ಮಲಬದ್ಧತೆ. ಹರಳೆಣ್ಣೆ ಬರುತ್ತದೆ. ಕಟ್ಟಿರುವುದು ಮೂತ್ರವಿರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ. ಗಂಡಿನ ಮೂತ್ರನಾಳ ತುದಿಯಲ್ಲಿ ತೀರಾ ಕಿರಿದು. ಹರಳು, ಲೋಳೆ ಸೇರಿ ಬಿರಡೆ ಹಾಕಿಬಿಡುತ್ತವೆ. ರಕ್ತದಲ್ಲಿ ಪೊಟಾಷಿಯಂ ಏರಿ ಒಂದೆರಡು ದಿನದಲ್ಲಿ ಹೃದಯವೇ ನಿಲ್ಲಬಹುದು. ಹೊಟ್ಟೆಯ ಹಿಂಭಾಗದಲ್ಲಿ ಗಟ್ಟಿ ಉಂಡೆ ಕೈಗೆ ಸಿಕ್ಕಿದರೆ ಒತ್ತಬೇಡಿ, ಬೆಳಗಾಗಲಿ ಎಂದೂ ಕಾಯಬೇಡಿ. ಕೂತೆದ್ದ ಜಾಗ ಒದ್ದೆಯಾಗಿದೆಯೇ ಎಂದು ಬಗ್ಗಿ ನೋಡಿದ್ದರೆ ಹರಳೆಣ್ಣೆ ಪ್ರಸಂಗವೇ ಇರುತ್ತಿರಲಿಲ್ಲ.

ನಾಯಿ ಚಾವಡಿಯಲ್ಲಿ ಕುಂಡೆ ಎಳೆದುಕೊಂಡು ಹೋದರೆ ಹುಳವೇ ಎಂದಿಲ್ಲ, ಗುದದ ಎರಡು ಬದಿಯ ಗ್ರಂಥಿ ತುಂಬಿದ್ದರೂ ಹಾಗೆಯೇ. ಬಾಲದಡಿ ಅಕ್ಕಿಕಾಳಿನಂಥದ್ದು ಕಂಡರೆ ಲಾಡಿಹುಳ. ಬಹಳವಾಗಿ ಚಿಗಟ ನುಂಗಿ ಬರುವುದು, ಆದ್ದರಿಂದ ಚಿಗಟಕ್ಕೂ ಮದ್ದಾಗಬೇಕು. ಅಡಿಕೆಯ ಅರೆಕೋಲಿನ್ ಒಂದು ಕಾಲದಲ್ಲಿ ನಾಯಿಯ ಲಾಡಿಹುಳಕ್ಕೆ ಮದ್ದಾಗಿತ್ತು, ನಿಜ. ಅಂಗಳದ ತುಂಬ ಅಡಿಕೆ ಒಣಗುತ್ತಿರುವಾಗ ಫೀಸು ಯಾಕೆ ಎಂದುಕೊಂಡವರು ಕೇಳಿ: ಅದು ಹುಳದ ಜತೆ ನಾಯಿಯನ್ನೂ ವಾಂತಿಭೇದಿಯಲ್ಲಿ ಮಲಗಿಸುತ್ತಿತ್ತು. ಈಗ ಪ್ರಾಜಿಕ್ವಾಂಟೆಲ್ ಇದೆ.

ಮರಿಗೆ ವಾಂತಿ, ನಾರುವ ರಕ್ತಭೇದಿ ಎಂದರೆ ಮೊದಲ ಅನುಮಾನ ಪಾರ್ವೊ ಎಂಬ ವೈರಸ್ ರೋಗದ ಮೇಲೆ. ಮೆಂತೆ ಮಜ್ಜಿಗೆ ಬಿಟ್ಟು ಡ್ರಿಪ್ ಹಾಕಿಸಲು ಓಡಿ. ಅದರ ಲಸಿಕೆ 6-8 ವಾರಕ್ಕೆ ಶುರುವಾಗಿ 16 ವಾರ ತುಂಬುವವರೆಗೆ 3-4 ವಾರಕ್ಕೊಮ್ಮೆ. ತಾಯಿಯಿಂದ ಬಂದ ರಕ್ಷಣೆ ಮೊದಲ ಲಸಿಕೆಯನ್ನೇ ನುಂಗಿಬಿಡಬಹುದು. ಮಳೆಗಾಲದಲ್ಲಿ ತೋಟದ ಕಣಿಯ ನೀರು ಕುಡಿಯುವ ನಾಯಿಗೆ ಇಲಿಜ್ವರದ ಲಸಿಕೆ ವರ್ಷಕ್ಕೊಮ್ಮೆ. ಹುಚ್ಚಿನ ಲಸಿಕೆ ಮೂರು ತಿಂಗಳಿಗೆ, ಆಮೇಲೆ ವರ್ಷವರ್ಷ, ಬೆಕ್ಕಿಗೂ. ಸಾಕಿದ್ದೇ ಕಚ್ಚಿದರೂ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಇದರಲ್ಲಿ ತಮಾಷೆಯಿಲ್ಲ.

ಫಿಟ್ಸ್ ಬಂದರೆ ಬೀಗದ ಕೈ ತರುವವರೂ ಇದ್ದಾರೆ. ಹಿಡಿಯಲು ನಾಯಿಗೆ ಕೈಯಿಲ್ಲವೆಂದು ತಂದ ಮೇಲೆ ಹೊಳೆಯುತ್ತದೆ. ಬಾಯಿಗೂ ಏನನ್ನೂ ತುರುಕಬೇಡಿ. ಮೆಟ್ಟಿಲಿಂದ ದೂರ ಸರಿಸಿ, ಮೊಬೈಲಿನಲ್ಲಿ ವಿಡಿಯೋ ಮಾಡಿ, ಎಷ್ಟು ಹೊತ್ತು ಎಂಬುದೂ ಅದರಲ್ಲೇ ಸಿಗುತ್ತದೆ. ಐದು ನಿಮಿಷ ದಾಟಿದರೆ ಗಾಡಿ ಹೊರಡಿಸಿ. ಮನೆಯವರು ಹೇಳುವುದು ಕನ್ನಡದಲ್ಲಿ, ಡಾಕ್ಟರು ಕೇಳುವುದು ಮಲಯಾಳದಲ್ಲಿ, ನಾಯಿಗೆ ತಿಳಿಯುವುದು ತುಳು. ಅಲ್ಲಿ ವಿಡಿಯೋವೇ ಮಾತಾಡಬೇಕು. ವಾಂತಿಯ, ಮಲದ ಫೋಟೊವೂ ಇರಲಿ. ಆದರೆ ಕಳಿಸುವಾಗ ಕುಟುಂಬದ ವಾಟ್ಸಾಪ್ ಗುಂಪಿಗೆ ಹೋಗದಂತೆ ನೋಡಿಕೊಳ್ಳಿ, ಊಟದ ಹೊತ್ತಿಗೆ ದೊಡ್ಡಮ್ಮನಿಂದ "ಇದೆಂತ ಗೊಜ್ಜು?" ಎಂದು ಬಂದೀತು.