ಎಲ್ಲಾರೂ ಅಲೆಮಾರಿಗಳೇ!

ಇದೊಂದು ಬಾಕಿ ಇತ್ತು ನೋಡ್ರಿ. ಹಂಪಿ ಹತ್ತಿರದ ಸಾಣಾಪುರ ಕೆರೆ ದಂಡ್ಯಾಗ ನಿಂತು ಒಬ್ಬ ಹಾಕಿದ ಫೋಟೊ, ಕೆಳಗೆ ‘ನಾನೊಬ್ಬ ಅಲೆಮಾರಿ’! ಶುಕ್ರವಾರ ರಾತ್ರಿ ಸ್ಲೀಪರ್ ಬಸ್ಸು, ಆನೆಗುಂದಿಯಾಗ ಹೋಮ್‌ಸ್ಟೇ, ಸೋಮವಾರ ಆಫೀಸು. ಯಾವ ಸೀಮೆ ಅಲೆಮಾರಿರೀ ಇವ?

ಮನೆತನಗಳ ವಂಶಾವಳಿ ಹೇಳೋ ಹೆಳವರು ಎತ್ತು ಹೊಡಕೊಂಡು ಹೊಂಟ್ರ ಮನಸ್ಸು ಬಂದಲ್ಲಿ ತಿರುಗೋದಿಲ್ಲ. ಯಾವ ಊರು, ಯಾವ ಮನೆತನ ಯಾರ ಪಾಲಿಗೆ ಅನ್ನೋದು ತಲೆಮಾರಿನಿಂದ ಗೊತ್ತಾಗಿರ್ತದ. ಸುಗ್ಗಿ ಮುಗಿದ ಮ್ಯಾಲೆ ಬಂದು, ನಿಮ್ಮ ಮುತ್ತಜ್ಜನ ಅಪ್ಪನ ಹೆಸರು ಹೇಳಿ, ಕಾಳು ಇಸ್ಕೊಂಡು ಹೋಗ್ತಾರ. ಗಂಗಾವತಿ, ಸಿಂಧನೂರಿನ ಗದ್ದಿ ಕೊಯ್ಲಾದ ಮ್ಯಾಲೆ ಇಳಿಯೋ ಕುರಿಗಾರರೂ ಅಷ್ಟ. ರಾತ್ರಿ ಹೊಲದಾಗ ಸುತ್ತ ಬಲೆ ಕಟ್ಟಿ ಕುರಿ ಕೂಡಿಸ್ತಾರ. ಗೊಬ್ಬರ ಹೊಲಕ್ಕ, ರೊಕ್ಕ ಅವರಿಗೆ. ಇದು ಅಂಡಲೆಯೋದೇನು?

ಮಗ ತಡವಾಗಿ ಮನಿಗೆ ಬಂದ್ರ ‘ಎಲ್ಲಿ ಹೋಗಿದ್ದೀಲೇ ಅಲೆಮಾರಿ’ ಅಂತ ಬೈಗುಳ. ಬೈಕಿನ ಟ್ಯಾಂಕಿಗೆ ಅಂಟಿಸಿದ್ರ ಅದೇ ಸ್ಟೈಲು! ಬ್ರಿಟಿಷರ 1871ರ ಅಪರಾಧಿ ಬುಡಕಟ್ಟು ಕಾಯ್ದೆ ಎಷ್ಟೋ ಅಲೆಮಾರಿ ಸಮುದಾಯಗಳಿಗೆ ಹುಟ್ಟಿನಿಂದಲೇ ಕಳ್ಳರ ಹಣೆಪಟ್ಟಿ ಹಚ್ಚಿತ್ತು. ಅದು ರದ್ದಾಗಿದ್ದು 1952ರಾಗ. ಇವತ್ತಿಗೂ ಆ ಮಂದಿ ಜಾತಿ ಪ್ರಮಾಣಪತ್ರಕ್ಕ ಹೋದ್ರ ‘ಖಾಯಂ ವಿಳಾಸ ಎಲ್ಲಿ?’ ರೀಲ್ಸಿನ ಅಲೆಮಾರಿಗೆ ಆ ಚಿಂತಿ ಎಲ್ಲಿಂದ? ಬಾಡಿಗೆ ಸ್ಕೂಟಿಗೆ ಆಧಾರ್ ಜೆರಾಕ್ಸ್ ಕೊಟ್ಟೇ ಬಂದಿರ್ತಾನ, ವಿಳಾಸ ಸಮೇತ!