ಮನಸ್ಸಿಗಿಂತ ಮೊದಲು ಬದಲಾಗಬಲ್ಲದ್ದು

ಜನಾಂಗದ್ವೇಷದಲ್ಲಿ ಹೊತ್ತಿ ಉರಿದ ನಾಡುಗಳ ವಿಚಾರ ಬಂದಾಗಲೆಲ್ಲ "ಮೊದಲು ಜನರ ಮನಸ್ಸು ಬದಲಾಗಬೇಕು" ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ನಾನೂ ಬಹಳ ವರ್ಷ ಹಾಗೆಯೇ ನಂಬಿದ್ದೆ. ಉದ್ದೇಶ ಒಳ್ಳೆಯದೇ ಆದರೂ ಅದು ಕೆಲಸವನ್ನು ಮುಂದೂಡುವ ಮಾತು ಎಂದು ಈಗ ಅನಿಸುತ್ತದೆ. ಎದುರು ಸಮುದಾಯದ ಬಗ್ಗೆ ಬೇರೂರಿದ ಪೂರ್ವಗ್ರಹ ಹಾಗೆಯೇ ಉಳಿದಿರುವಾಗಲೂ ಆ ಸಮುದಾಯದ ಮನುಷ್ಯನೊಂದಿಗೆ ನಾವು ನಡೆದುಕೊಳ್ಳುವ ರೀತಿ ಬದಲಾಗಬಲ್ಲದು. ಸಂಘರ್ಷ ಕಂಡ ನಾಡಿನಲ್ಲಿ ಅಷ್ಟೇ ಸಾಧ್ಯವಾದರೂ ಅದು ಸಣ್ಣ ಸಂಗತಿಯಲ್ಲ.

1954ರ ಬೇಸಿಗೆಯಲ್ಲಿ ಅಮೆರಿಕದ ಓಕ್ಲಹೋಮದಲ್ಲಿ ಮುಜಫರ್ ಶೆರಿಫ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಸಂಗಡಿಗರು ಸುಮಾರು ಹನ್ನೊಂದು ವರ್ಷದ 22 ಹುಡುಗರನ್ನು ಶಿಬಿರಕ್ಕೆ ಕರೆದೊಯ್ದು ಎರಡು ಗುಂಪು ಮಾಡಿದರು. ಎಲ್ಲರೂ ಒಂದೇ ಬಗೆಯ ಮನೆಗಳಿಂದ ಬಂದವರು. ಬಹುಮಾನಕ್ಕಾಗಿ ಪೈಪೋಟಿ ಹಚ್ಚಿದ ಕೆಲವೇ ದಿನಗಳಲ್ಲಿ ಒಬ್ಬರ ಬಾವುಟವನ್ನು ಇನ್ನೊಬ್ಬರು ಸುಟ್ಟರು, ಬಿಡಾರಗಳಿಗೆ ನುಗ್ಗಿದರು. ಒಟ್ಟಿಗೆ ಊಟಕ್ಕೆ ಕೂರಿಸಿದರೆ ತಟ್ಟೆಯಲ್ಲಿದ್ದುದನ್ನೇ ಎಸೆದಾಡಿಕೊಂಡರು. ಬದಲಾವಣೆ ಶುರುವಾದದ್ದು ಶಿಬಿರಕ್ಕೆ ಬರುವ ನೀರು ನಿಂತಾಗ, ಊಟ ತರಬೇಕಿದ್ದ ಟ್ರಕ್ ಚಾಲೂ ಆಗದೆ ಹೋದಾಗ. ಸಂಶೋಧಕರೇ ಬೇಕೆಂದು ಒಡ್ಡಿದ ಆ ತೊಂದರೆಗಳು ಒಂದು ಗುಂಪಿನಿಂದ ಮಾತ್ರ ಬಗೆಹರಿಯುವಂತಿರಲಿಲ್ಲ. ಹಗ್ಗಜಗ್ಗಾಟದಲ್ಲಿ ಎದುರುಬದುರಾಗಿ ಎಳೆದಾಡಿದ್ದ ಅದೇ ಹಗ್ಗವನ್ನು ಟ್ರಕ್ಕಿಗೆ ಕಟ್ಟಿ ಎರಡೂ ಗುಂಪಿನವರು ಒಂದೇ ಕಡೆಗೆ ಎಳೆದರು.

ಅದೇ ವರ್ಷ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ ಈ ವಿಷಯಕ್ಕೊಂದು ಚೌಕಟ್ಟು ಕೊಟ್ಟರು. ಬರಿಯ ಭೇಟಿಯಿಂದ ಪೂರ್ವಗ್ರಹ ಕರಗುವುದಿಲ್ಲ, ಸೇರಿದವರು ಅಲ್ಲಿ ಸಮಾನರಾಗಿರಬೇಕು, ಒಂದೇ ಗುರಿಗಾಗಿ ಕೂಡಿ ದುಡಿಯಬೇಕು, ಕಾನೂನು ಮತ್ತು ಅಧಿಕಾರದಲ್ಲಿರುವವರು ಅದನ್ನು ಬೆಂಬಲಿಸಬೇಕು ಎಂಬುದು ಅವರ ವಾದ. ಒಂದು ಸಂಜೆ ಸೌಹಾರ್ದ ಕೂಟ ನಡೆಸಿ, ವೇದಿಕೆಯ ಮೇಲೆ ಕೈ ಕುಲುಕಿಸಿ ಫೋಟೋ ತೆಗೆಸಿಕೊಳ್ಳುವ ಸಂಘಟಕರು ಈ ಷರತ್ತುಗಳನ್ನು ಓದಲೇಬೇಕು.

ಆದರೆ ಶಿಬಿರದ ಹುಡುಗರು ತಮ್ಮವರನ್ನು ಮಣ್ಣು ಮಾಡಿ ಬಂದವರಲ್ಲ. ರಕ್ತ ಹರಿದ ಜಾಗಗಳ ಫಲಿತಾಂಶ ಇಷ್ಟು ಸರಳವಾಗಿಲ್ಲ. ಇರಾಕಿನಲ್ಲಿ ಐಸಿಸ್ ಉಗ್ರರ ದಾಳಿಯಿಂದ ಮನೆಮಠ ಬಿಟ್ಟು ಓಡಬೇಕಾಗಿ ಬಂದ ಕ್ರೈಸ್ತರ ಫುಟ್‌ಬಾಲ್ ತಂಡಗಳ ಪೈಕಿ ಕೆಲವಕ್ಕೆ ಮುಸ್ಲಿಂ ಆಟಗಾರರನ್ನು ಸೇರಿಸಿ ಸಂಶೋಧಕಿ ಸಲ್ಮಾ ಮೂಸಾ ನಡೆಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಲೀಗ್ ಮುಗಿದು ಆರು ತಿಂಗಳಾದ ಮೇಲೂ, ಮಿಶ್ರ ತಂಡದಲ್ಲಿ ಆಡಿದ್ದ ಕ್ರೈಸ್ತರು ಮುಸ್ಲಿಮರ ಜೊತೆ ಅಭ್ಯಾಸಕ್ಕೆ ಇಳಿಯುವುದು ಇತರರಿಗಿಂತ ಹೆಚ್ಚಾಗಿತ್ತು. ಆದರೆ ಮೈದಾನದ ಆಚೆ, ಮುಸ್ಲಿಮರೇ ಹೆಚ್ಚಿರುವ ಮೋಸುಲ್ ನಗರದ ಹೋಟೆಲಿಗೆ ಹೋಗಿ ಊಟ ಮಾಡುವ ಧೈರ್ಯ ಅಷ್ಟಾಗಿ ಹೆಚ್ಚಿರಲಿಲ್ಲ. ನೈಜೀರಿಯಾದ ಕಡೂನಾದಲ್ಲೂ ಇಂಥದ್ದೇ ಫಲಿತಾಂಶ ಬಂತು. ಹದಿನಾರು ವಾರ ಒಂದೇ ತರಗತಿಯಲ್ಲಿ ಕಂಪ್ಯೂಟರ್ ಕಲಿತ ಕ್ರೈಸ್ತ ಮತ್ತು ಮುಸ್ಲಿಂ ತರುಣರ ಪೂರ್ವಗ್ರಹ ಕಡಿಮೆಯಾಗಲಿಲ್ಲ, ಆದರೆ ತಮ್ಮವರಷ್ಟೇ ಇದ್ದ ತರಗತಿಯಲ್ಲಿ ಕಲಿತವರಿಗಿಂತ ಅವರು ಮಾಡುವ ತಾರತಮ್ಯ ಕಡಿಮೆಯಾಗಿತ್ತು.

ನನ್ನನ್ನು ಹೆಚ್ಚು ಕಾಡಿದ್ದು ಆಫ್ರಿಕಾದ ರುವಾಂಡ. 1994ರಲ್ಲಿ ಅಲ್ಲಿನ ಟುಟ್ಸಿ ಸಮುದಾಯದವರನ್ನು ಕೊಲ್ಲಿರೆಂದು ಹುರಿದುಂಬಿಸಿದ್ದು ರೇಡಿಯೊ. ಹತ್ತು ವರ್ಷಗಳ ನಂತರ ಅದೇ ರೇಡಿಯೊ ಮಾಧ್ಯಮದಲ್ಲಿ ಸಾಮರಸ್ಯದ ಧಾರಾವಾಹಿ ನಾಟಕ ಬರತೊಡಗಿತು. ಅದನ್ನು ಒಂದು ವರ್ಷ ಗುಂಪಾಗಿ ಕೂತು ಕೇಳಿದವರನ್ನೂ, ಆರೋಗ್ಯದ ನಾಟಕ ಕೇಳಿದವರನ್ನೂ ಮನಶ್ಶಾಸ್ತ್ರಜ್ಞೆ ಬೆಟ್ಸಿ ಪಲಕ್ ಹೋಲಿಸಿ ನೋಡಿದರು. ಕೇಳುಗರ ಸ್ವಂತ ನಂಬಿಕೆಗಳು ಹೆಚ್ಚೇನೂ ಬದಲಾಗಿರಲಿಲ್ಲ. ಬದಲಾದದ್ದು ತಮ್ಮ ಸುತ್ತಲಿನ ಜನ ಯಾವುದನ್ನು ಒಪ್ಪುತ್ತಾರೆ, ಯಾವುದು ಸಲ್ಲುವ ನಡೆ ಎಂಬ ಅಂದಾಜು. ಕೊನೆಯಲ್ಲಿ ಪ್ರತಿ ಗುಂಪಿಗೂ ನಾಟಕದ ಕ್ಯಾಸೆಟ್‌ಗಳನ್ನು, ಪ್ಲೇಯರನ್ನು ಉಡುಗೊರೆಯಾಗಿ ಕೊಟ್ಟರು. ಆರೋಗ್ಯದ ನಾಟಕ ಕೇಳಿದವರು ಸಾಮಾನ್ಯವಾಗಿ ಅದನ್ನು ಊರಿನ ಅಧಿಕಾರಿಯ ಸುಪರ್ದಿಗೆ ಬಿಡಲು ಬೇಗ ಒಪ್ಪಿದರು. ಸಾಮರಸ್ಯದ ನಾಟಕ ಕೇಳಿದವರು ಮಾತ್ರ ವಾದಿಸಿದರು, ಭಿನ್ನಾಭಿಪ್ರಾಯ ಹೇಳಿದರು, ತಾವೇ ಕೂಡಿ ನೋಡಿಕೊಳ್ಳುವ ಬಗ್ಗೆ ಚರ್ಚಿಸಿದರು. ಮೇಲಿನವರ ಆಜ್ಞೆಯನ್ನು ಪಾಲಿಸಿ ನೆರೆಯವರನ್ನೇ ಕೊಂದ ಜನರಿದ್ದ ದೇಶದಲ್ಲಿ, ಹತ್ತು ಮಂದಿಯ ಎದುರು "ನಾನು ಒಪ್ಪುವುದಿಲ್ಲ" ಎನ್ನುವ ಅಭ್ಯಾಸಕ್ಕೆ ಬೆಲೆ ಕಟ್ಟುವುದು ಹೇಗೆ?

ಹಾಗಾಗಿಯೇ ನಾನು ದೊಡ್ಡ ಮಾತುಗಳಿಗಿಂತ ಏರ್ಪಾಡುಗಳ ಬಗ್ಗೆ ಕೇಳುತ್ತೇನೆ. ಯಾರ ಮಕ್ಕಳು ಯಾರ ಪಕ್ಕ ಕೂರುತ್ತಾರೆ? ಬೋಸ್ನಿಯಾದ ಕೆಲವು ಊರುಗಳಲ್ಲಿ ಯುದ್ಧಾನಂತರ ಬೋಸ್ನಿಯಾಕ್ (ಬೋಸ್ನಿಯಾದ ಮುಸ್ಲಿಂ) ಮತ್ತು ಕ್ರೊಯೇಷಿಯನ್ ಮಕ್ಕಳಿಗೆ ಒಂದೇ ಸೂರಿನಡಿ ಎರಡು ಶಾಲೆಗಳನ್ನು ನಡೆಸಲಾಯಿತು, ಪಠ್ಯವೂ ಬೇರೆ, ಕೆಲವೆಡೆ ಬಾಗಿಲೂ ಬೇರೆ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ 1981ರಲ್ಲಿ, ಹಿಂಸೆ ಇನ್ನೂ ನಡೆಯುತ್ತಿದ್ದಾಗಲೇ, ಪೋಷಕರ ಹಟದಿಂದ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟಂಟ್ ಮಕ್ಕಳಿಗಾಗಿ ಲೇಗನ್ ಕಾಲೇಜು ಎಂಬ ಶಾಲೆ 28 ಮಕ್ಕಳೊಂದಿಗೆ ತೆರೆಯಿತು. ಎರಡು ಕಡೆಯವರ ಮನಸ್ಸು ತಿಳಿಯಾಗಲಿ ಎಂದು ಆ ಪೋಷಕರು ಕಾದು ಕೂತಿದ್ದರೆ ಅವರ ಮಕ್ಕಳು ಶಾಲೆಯ ವಯಸ್ಸು ದಾಟಿರುತ್ತಿದ್ದರು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಸಿಯೆರಾ ಲಿಯೋನ್‌ನಲ್ಲಿ ಅಂತರ್ಯುದ್ಧ ಮುಗಿದ ಮೇಲೆ ಹಳ್ಳಿಗಳಲ್ಲಿ ಸಭೆ ಸೇರಿಸಿ, ನೊಂದವರು ನಡೆದದ್ದನ್ನು ಹೇಳುವ, ತಪ್ಪಿತಸ್ಥರು ಕ್ಷಮೆ ಕೇಳುವ ಕಾರ್ಯಕ್ರಮಗಳು ನಡೆದವು. 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಂಥ ಹಳ್ಳಿಗಳಲ್ಲಿ ಕ್ಷಮೆ ಹೆಚ್ಚಿತು, ಜನರ ಒಡನಾಟ ಬಲಗೊಂಡಿತು, ಜೊತೆಗೆ ಖಿನ್ನತೆ ಮತ್ತು ಆತಂಕವೂ ಹೆಚ್ಚಿದವು. ಊರಿಗೆ ಆದ ಒಳಿತಿನ ಬೆಲೆಯನ್ನು ಗಾಯ ಕೆದಕಿಸಿಕೊಂಡವರೂ ತೆರಬೇಕಾಯಿತು. ಹೀಗಾಗಿ ಸಾಮರಸ್ಯದ ಯೋಜನೆಯೊಂದನ್ನು ನನ್ನ ಮುಂದಿಟ್ಟರೆ, ಸಭೆಯಲ್ಲಿ ತನ್ನ ನೋವು ಹೇಳಿಕೊಂಡ ತಾಯಿಯ ಜೊತೆ ಆ ರಾತ್ರಿ ಯಾರಿರುತ್ತಾರೆ, ಮರುದಿನ ಅವಳ ಚಿಕಿತ್ಸೆ ಯಾರ ಹೊಣೆ ಎಂಬುದನ್ನೇ ನಾನು ಮೊದಲು ಕೇಳುತ್ತೇನೆ.