ಬಿಸಿಲಿಗೇ ಕೂರಿಸುವ ಕ್ಯಾಮೆರಾಗೆ ಲಿಥಿಯಂ ಬ್ಯಾಟರಿ ಯಾಕೆ?

ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು ಹೇಗಿರುತ್ತೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ನಮ್ಮ ಬ್ಯಾಂಕಿಗೆ ಪಾರ್ಕಿಂಗ್ ಶೆಡ್ ಇಲ್ಲ. ಎದುರಿನ ಬಯಲಲ್ಲೇ ಕಾರು ನಿಲ್ಲಿಸಬೇಕು. ಅಲ್ಲಿರುವುದು ಒಂದೇ ಬೇವಿನ ಮರ. ಅದರ ನೆರಳನ್ನು ಬೆಳಿಗ್ಗೆ ಒಂಬತ್ತಕ್ಕೇ ಬೈಕುಗಳು ಹಿಡಿದಿರುತ್ತವೆ.

ಅವತ್ತು ಸಂಜೆ ಐದೂವರೆಗೆ ಬಂದು ಬಾಗಿಲು ತೆಗೆದೆ. ಝಳ ಮುಖಕ್ಕೆ ಹೊಡೆಯಿತು. ಅದು ದಿನಾ ಇದ್ದದ್ದೇ. ಆದರೆ ಅದರ ಜೊತೆ ಬೇರೆ ಒಂದು ವಾಸನೆ ಇತ್ತು. ನೇಲ್ ಪಾಲಿಶ್ ತೆಗೆಯುವ ದ್ರವ ಇರುತ್ತಲ್ವಾ, ಹೆಚ್ಚುಕಡಿಮೆ ಹಾಗೆ, ಸ್ವಲ್ಪ ಸಿಹಿ ಸಿಹಿ. ಎ.ಸಿ. ಗ್ಯಾಸ್ ಸೋರಿರಬೇಕು ಅಂದುಕೊಂಡು ಕೀ ತಿರುಗಿಸಿದೆ. ಮುಂದಿನ ಗಾಜಿಗೆ ಅಂಟಿಸಿದ್ದ, ರಸ್ತೆಯ ವಿಡಿಯೋ ಹಿಡಿಯುವ ಡ್ಯಾಶ್‌ಕ್ಯಾಮ್ ಆನ್ ಆಯಿತು, ತಕ್ಷಣ ಆಫ್ ಆಯಿತು. ಮತ್ತೆ ಆನ್, ಮತ್ತೆ ಆಫ್. ಹತ್ತಿರ ಹೋಗಿ ನೋಡಿದರೆ ಹಿಂದಿನ ಮುಚ್ಚಳ ಒಂದು ಕಡೆ ಎದ್ದಿತ್ತು. ಸಂದಿಯಲ್ಲಿ ಉಗುರು ತೂರಿಸುವಷ್ಟು ಜಾಗ. ಸ್ಕ್ರೀನಿನ ನಡುವೆ ಹಳದಿ ಕಲೆ.

ಮನೆಗೆ ತಂದೆ. ನನ್ನ ತಮ್ಮ ಹೆಬ್ಬೆರಳಿಟ್ಟು ಜೋರಾಗಿ ಒತ್ತಿ ಮುಚ್ಚಳ ಕೂರಿಸಲು ನೋಡಿದ. ಕೂರಲಿಲ್ಲ. ಮರುದಿನ ತೀನ್ ಕಂದೀಲ್ ಹತ್ತಿರ ಮೊಬೈಲ್ ರಿಪೇರಿ ಮಾಡುವ ಹುಡುಗನ ಹತ್ತಿರ ಒಯ್ದೆ. ಅವನು ನೋಡಿದವನೇ ಕೈಯಲ್ಲಿದ್ದ ಚಹಾ ಕೆಳಗಿಟ್ಟ.

"ಇದನ್ನ ಒತ್ತಿದ್ರೇನ್ರಿ ಮೇಡಂ?"

"ನನ್ನ ತಮ್ಮ ಸ್ವಲ್ಪ ಒತ್ತಿದ."

"ಒತ್ತಬ್ಯಾಡ್ರಿ. ಒಳಗ ಗ್ಯಾಸ್ ತುಂಬ್ಯಾದ."

ಪ್ಲಾಸ್ಟಿಕ್ ಚೂರಿನಿಂದ ನಿಧಾನಕ್ಕೆ ಮುಚ್ಚಳ ಬಿಡಿಸಿದ. ಒಳಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಬೆಳ್ಳಿ ಬಣ್ಣದ ಪೊಟ್ಟಣ. ಎಣ್ಣೆಯಿಂದ ಈಗಷ್ಟೇ ತೆಗೆದ ಪೂರಿಯ ಹಾಗೆ ಉಬ್ಬಿತ್ತು. ಮೇಲೆ 3.7 ವೋಲ್ಟ್, 300 ಎಂಎಎಚ್ ಅಂತ ಅಚ್ಚಾಗಿತ್ತು. ಅವನು ಮೊದಲು ಕೆಂಪು ವೈರ್ ಒಂದನ್ನೇ ಕತ್ತರಿಸಿ ತುದಿಗೆ ಟೇಪ್ ಸುತ್ತಿದ. ಆಮೇಲೆ ಕಪ್ಪು ವೈರ್ ಕತ್ತರಿಸಿ ಅದಕ್ಕೂ ಟೇಪ್. ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಕತ್ತರಿಯ ಮೂಲಕವೇ ಶಾರ್ಟ್ ಆಗುತ್ತದಂತೆ. ಕೊನೆಗೆ ಅಂಗಡಿಯ ಮೂಲೆಯಲ್ಲಿದ್ದ ಮರಳಿನ ಡಬ್ಬಿಯಲ್ಲಿ ಅದನ್ನು ಇಟ್ಟ. ಆ ಡಬ್ಬಿಯಲ್ಲಿ ಆಗಲೇ ಫೋನಿನ ನಾಲ್ಕೈದು ಬ್ಯಾಟರಿ ಇದ್ದವು.

ಕ್ಯಾಮೆರಾ ಮಾರಿದ ಅಂಗಡಿಗೂ ಹೋದೆ. ಊರು, ಹೆಸರು ಬೇಡ. ಅವರು ಹೇಳಿದ್ದು ಇಷ್ಟೇ: "ಬಿಸಿಲಲ್ಲಿ ಇಟ್ಟಿದ್ದೀರಿ, ವಾರಂಟಿ ಬರಲ್ಲ."

ನನಗೆ ಸಿಟ್ಟು ಬಂದದ್ದು ಈ ಮಾತಿಗೆ. ಡ್ಯಾಶ್‌ಕ್ಯಾಮನ್ನು ಬಿಸಿಲಲ್ಲಿ ಅಲ್ಲದೆ ಇನ್ನೆಲ್ಲಿ ಇಡಬೇಕು? ಅದರ ಜಾಗವೇ ಮುಂದಿನ ಗಾಜು. ಅದನ್ನು ಗಾಜಿಗೆ ಅಂಟಿಸುವ ಸ್ಟಿಕ್ಕರನ್ನು ಪೆಟ್ಟಿಗೆಯಲ್ಲಿ ಅವರೇ ಕೊಟ್ಟಿದ್ದಾರೆ. ಬಿಸಿಲಲ್ಲಿ ಕೂರಲೆಂದೇ ಮಾಡಿದ ವಸ್ತುವಿಗೆ ಬಿಸಿಲು ತಾಳದ ಬ್ಯಾಟರಿ ಹಾಕಿ, ಬಿಸಿಲಲ್ಲಿ ಇಟ್ಟಿದ್ದೇ ನಿಮ್ಮ ತಪ್ಪು ಅಂದರೆ ಹೇಗೆ?

ಆಮೇಲೆ ಕೂತು ಓದಿದೆ, ತಿಳಿದವರನ್ನು ಕೇಳಿದೆ. ನಮ್ಮ ಫೋನು, ಕ್ಯಾಮೆರಾಗಳಲ್ಲಿ ಬರುವ ಸಾಮಾನ್ಯ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಲು 45 ಡಿಗ್ರಿಯೇ ಮಿತಿ. ಬಳಸಲು 60ರವರೆಗೆ ಅನ್ನುತ್ತಾರೆ. ಐಫೋನನ್ನು 45 ಡಿಗ್ರಿಗಿಂತ ಬಿಸಿ ಜಾಗದಲ್ಲಿ ಇಡಬೇಡಿ, ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ ಅಂತ ಆಪಲ್ ಕಂಪನಿಯೇ ಹೇಳುತ್ತದೆ. ಈಗ ಕಾರಿನ ಲೆಕ್ಕ ನೋಡಿ. ಅಮೆರಿಕದ ಅರಿಝೋನಾದಲ್ಲಿ ಬೇಸಿಗೆಯ ದಿನಗಳಲ್ಲಿ ಕಾರು ನಿಲ್ಲಿಸಿ ಅಳೆದಿದ್ದಾರೆ, 2018ರಲ್ಲಿ ಅದು ಪ್ರಕಟವಾಗಿದೆ. ಬಿಸಿಲಲ್ಲಿ ಒಂದೇ ಗಂಟೆ ನಿಂತ ಕಾರಿನೊಳಗಿನ ಗಾಳಿ ಸರಾಸರಿ 47 ಡಿಗ್ರಿ. ಡ್ಯಾಶ್‌ಬೋರ್ಡ್ 69 ಡಿಗ್ರಿ! ನೆರಳಲ್ಲಿ ನಿಲ್ಲಿಸಿದರೂ ಡ್ಯಾಶ್‌ಬೋರ್ಡ್ ಸರಾಸರಿ 48 ಡಿಗ್ರಿ. ಅವರ ಅರಿಝೋನಾ ಮರುಭೂಮಿ, ಒಪ್ಪುತ್ತೇನೆ. ಆದರೆ ರಾಯಚೂರು, ಕಲಬುರಗಿ, ಬಳ್ಳಾರಿಯಲ್ಲೂ ಬೇಸಿಗೆಯಲ್ಲಿ 40 ದಾಟುವುದು ಮಾಮೂಲು. ನಮ್ಮ ಕಾರು ಬಯಲಲ್ಲಿ ನಿಲ್ಲುವುದು ಒಂದು ಗಂಟೆಯಲ್ಲ, ಎಂಟು ಗಂಟೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸಂಜೆ ನಾವು ಬಂದು ಕೀ ತಿರುಗಿಸುತ್ತೇವೆ. ಎ.ಸಿ. ಹಾಕಿ ಕಾರು ತಣ್ಣಗಾಗುವವರೆಗೂ ನಾವು ಕಾಯುತ್ತೇವೆ, ಕ್ಯಾಮೆರಾ ಕಾಯುವುದಿಲ್ಲ. ಕರೆಂಟ್ ಬಂದ ಕ್ಷಣದಿಂದ ಅದು ಬ್ಯಾಟರಿಗೆ ಚಾರ್ಜ್ ತುಂಬಲು ಶುರು ಮಾಡುತ್ತದೆ. ಅಂದರೆ ಬ್ಯಾಟರಿ ಅತಿ ಹೆಚ್ಚು ಬಿಸಿ ಇರುವ ಹೊತ್ತಿಗೇ ಚಾರ್ಜಿಂಗ್. ಓಡಿಸುವಷ್ಟು ಹೊತ್ತೂ ಅದು ಪೂರ್ತಿ ತುಂಬಿಯೇ ಇರುತ್ತದೆ. ಲಿಥಿಯಂ ಬ್ಯಾಟರಿ ಬೇಗ ಹಾಳಾಗುವುದು ಈ ಎರಡು ಸೇರಿದಾಗ, ಪೂರ್ತಿ ಚಾರ್ಜ್ ಮತ್ತು ಬಿಸಿ. ಒಳಗಿನ ದ್ರವ ಕೆಟ್ಟು ಗ್ಯಾಸ್ ಆಗುತ್ತದೆ. ಪೊಟ್ಟಣ ಉಬ್ಬುತ್ತದೆ. ಆ ದ್ರವ ನೀರಲ್ಲ, ಪೆಟ್ರೋಲಿನ ಹಾಗೆ ಹೊತ್ತಿಕೊಳ್ಳುವಂಥದ್ದು. ನನ್ನ ಕಾರಿನಲ್ಲಿ ಸಿಹಿ ವಾಸನೆ ಬಂದದ್ದು ಅದರದ್ದೇ.

ಉಬ್ಬಿದ್ದೆಲ್ಲ ಹೊತ್ತಿಕೊಳ್ಳುತ್ತೆ ಅಂತ ಸುಮ್ನೆ ಹೆದರಿಸುತ್ತಿಲ್ಲ. ಹೆಚ್ಚಿನವು ಹಾಗೇ ಸಾಯುತ್ತವೆ. ಆದರೆ ಒಳಗೆ ಎರಡು ಪದರಗಳ ನಡುವೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಒತ್ತಿದಾಗಲೋ ಚುಚ್ಚಿದಾಗಲೋ ಅದು ಹರಿದರೆ ಒಳಗೇ ಶಾರ್ಟ್. ಆ ಬಿಸಿಗೆ ಉಳಿದ ಹಾಳೆಯೂ ಕರಗುತ್ತದೆ, ಅದು ಕರಗಲು 130 ಡಿಗ್ರಿಯ ಸುತ್ತಮುತ್ತ ಸಾಕು. ಅಲ್ಲಿಂದ ಮುಂದೆ ತಡೆಯಲು ಆಗುವುದಿಲ್ಲ. 2016ರಲ್ಲಿ ಹೊತ್ತಿಕೊಂಡ ಸ್ಯಾಮ್ಸಂಗ್ ಗ್ಯಾಲಕ್ಸಿ ನೋಟ್ 7 ಫೋನುಗಳಲ್ಲಿ ಕಾರಣ ಬೇರೆ ಇತ್ತು, ಬ್ಯಾಟರಿಯ ವಿನ್ಯಾಸ ಮತ್ತು ತಯಾರಿಕೆಯ ದೋಷ. ಆದರೆ ಕೊನೆಗೆ ಆಗಿದ್ದು ಇದೇ, ಒಳಗಿನ ಶಾರ್ಟ್. ನನ್ನ ತಮ್ಮನ ಹೆಬ್ಬೆರಳು ನೆನಪಾದಾಗ ಈಗಲೂ ಹೊಟ್ಟೆಯಲ್ಲಿ ಕಿವುಚಿದ ಹಾಗಾಗುತ್ತದೆ. ಅವತ್ತು ಮಗಳು ಪಕ್ಕದಲ್ಲೇ ಕೂತು ಹೋಂವರ್ಕ್ ಮಾಡುತ್ತಿದ್ದಳು.

ಬೆಂಕಿ ಬಿಡಿ. ಬೆಂಕಿ ಬರದಿದ್ದರೂ ಈ ಬ್ಯಾಟರಿ ಮೋಸ ಮಾಡುತ್ತದೆ. ಡ್ಯಾಶ್‌ಕ್ಯಾಮಿಗೆ ಬ್ಯಾಟರಿ ಯಾಕೆ ಬೇಕು? ಕಾರಿನ ಕರೆಂಟ್ ಥಟ್ಟನೆ ಹೋದಾಗ ಕೊನೆಯ ವಿಡಿಯೋವನ್ನು ಕಾರ್ಡಿಗೆ ಸರಿಯಾಗಿ ಉಳಿಸಲು. ದೊಡ್ಡ ಅಪಘಾತದಲ್ಲಿ ಕರೆಂಟ್ ಹೋಗುವುದು ಆ ಕ್ಷಣದಲ್ಲೇ ಅಲ್ವಾ? ಬ್ಯಾಟರಿ ಸತ್ತಿದ್ದರೆ ನಮಗೆ ಬೇಕಾದ ಆ ಒಂದು ತುಣುಕೇ ಇರುವುದಿಲ್ಲ. ನನ್ನ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ನೋಡಿದೆ. ಮಾರ್ಚ್‌ನಿಂದಲೇ ಪ್ರತಿ ಪ್ರಯಾಣದ ಕೊನೆಯ ಫೈಲ್ ತೆರೆಯುತ್ತಿರಲಿಲ್ಲ. ಜೊತೆಗೆ, ಕಾರು ನಿಂತಾಗ ಅದೇ ಬ್ಯಾಟರಿ ಮೇಲೆ ನಡೆಯುವ ಕ್ಯಾಮೆರಾದ ಗಡಿಯಾರವೂ ಕೆಟ್ಟಿತ್ತು. ದಿನಾ ಬೆಳಿಗ್ಗೆ ಅದು 2018ರ ಜನವರಿ 1ಕ್ಕೆ ಹೋಗಿ ಕೂರುತ್ತಿತ್ತು. ಎರಡು ತಿಂಗಳು ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಇಂಥ ವಿಡಿಯೋ ಕೋರ್ಟಿಗೆ ಕೊಡಬೇಕೆಂದರೆ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ ಪ್ರಮಾಣಪತ್ರ ಬೇಕು. ತಾರೀಖೇ ತಪ್ಪಿರುವ ವಿಡಿಯೋ ಹಿಡಿದು ಹೋದರೆ ಎದುರಿನ ವಕೀಲರು ಬಿಡುತ್ತಾರಾ?

ಇದಕ್ಕೆ ದಾರಿ ಇಲ್ಲ ಅಂತಿಲ್ಲ. ಸೂಪರ್ ಕೆಪಾಸಿಟರ್ ಇರುವ ಡ್ಯಾಶ್‌ಕ್ಯಾಮ್ ಬರುತ್ತವೆ. ಫ್ಯಾನಿಗೆ ಹಾಕುವ ಕಂಡೆನ್ಸರ್ ಗೊತ್ತಲ್ಲ, ಅದೇ ಕುಲದ್ದು, ಆದರೆ ಚಾರ್ಜ್ ಹಿಡಿಯುವ ಶಕ್ತಿ ತುಂಬಾ ಜಾಸ್ತಿ. ಇದು ರಾಸಾಯನಿಕ ಬದಲಾವಣೆಯಿಂದ ಕೆಲಸ ಮಾಡುವುದಿಲ್ಲ, ಚಾರ್ಜನ್ನು ಮೇಲ್ಮೈಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಸಾಮಾನ್ಯವಾಗಿ 65-70 ಡಿಗ್ರಿವರೆಗೆ ತಡೆಯುತ್ತದೆ. ಕೆಲವೇ ಸೆಕೆಂಡು ಕರೆಂಟ್ ಕೊಡುತ್ತದೆ, ಫೈಲ್ ಮುಚ್ಚಲು ಅಷ್ಟು ಸಾಕು. ಇದಕ್ಕೂ ವಯಸ್ಸಾಗುತ್ತದೆ, ಇದೂ ಒಂದು ದಿನ ಕೆಡುತ್ತದೆ. ಆದರೆ ನಮ್ಮ ಬೇಸಿಗೆಗೆ ಲಿಥಿಯಂಗಿಂತ ಎಷ್ಟೋ ಮೇಲು. ಕಾರು ನಿಂತಾಗಲೂ ರೆಕಾರ್ಡ್ ಆಗಬೇಕು ಅನ್ನುವವರು ಫ್ಯೂಸ್ ಬಾಕ್ಸಿನಿಂದ ವೈರ್ ಎಳೆಸಿಕೊಳ್ಳಬೇಕು. ಕಾರಿನ ಬ್ಯಾಟರಿ ಇಳಿಯುತ್ತಿದ್ದಂತೆ ತಾನೇ ಕಟ್ ಆಗುವ ಕಿಟ್ ಸಿಗುತ್ತದೆ. ಅದಕ್ಕಾಗಿ ಒಳಗೆ ಬ್ಯಾಟರಿ ಇರುವ ಕ್ಯಾಮೆರಾ ಕೊಳ್ಳಬೇಡಿ, 300 ಎಂಎಎಚ್‌ನಲ್ಲಿ ಇಡೀ ರಾತ್ರಿ ಕಾಯಲು ಆಗಲ್ಲ.

ಅಂಗಡಿಯಲ್ಲಿ "ಬ್ಯಾಟರಿ ಬ್ಯಾಕಪ್ ಇದೆ" ಅಂತ ಹೆಮ್ಮೆಯಿಂದ ಹೇಳುತ್ತಾರೆ. ನಾನೂ ಅದನ್ನು ಕೇಳಿಯೇ ಕೊಂಡಿದ್ದು. ಪೆಟ್ಟಿಗೆಯ ಮೇಲೆ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ದಪ್ಪ ಅಕ್ಷರದಲ್ಲಿತ್ತು. ಒಳಗೆ ಬ್ಯಾಟರಿಯೋ ಕೆಪಾಸಿಟರೋ, ಎಷ್ಟು ಡಿಗ್ರಿವರೆಗೆ ನಡೆಯುತ್ತದೆ, ಎಲ್ಲಿಯೂ ಇರಲಿಲ್ಲ. ನಮ್ಮ ದೇಶದಲ್ಲಿ ಇಂಥ ಬ್ಯಾಟರಿಗೆ ಐಎಸ್ 16046 ಅನ್ನುವ ಮಾನದಂಡ ಇದೆ, ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ನೋಂದಣಿ ಕಡ್ಡಾಯ. ನನ್ನ ಕ್ಯಾಮೆರಾದಿಂದ ತೆಗೆದ ಪೊಟ್ಟಣದ ಮೇಲೆ ಅದರ ಗುರುತೇ ಇರಲಿಲ್ಲ. ಬೆಂಗಳೂರಿನ ರಸ್ತೆ ಜಗಳದ ವಿಡಿಯೋ ನೋಡಿ ನೋಡಿ ಈಗ ಎಲ್ಲರೂ ಡ್ಯಾಶ್‌ಕ್ಯಾಮ್ ಕೊಳ್ಳುತ್ತಿದ್ದಾರೆ. ತಪ್ಪಲ್ಲ, ಬೇಕಾದದ್ದೇ. ಗಾಜಿಗೆ ಅಂಟಿಸುವ ವಸ್ತುವಿನ ಪೆಟ್ಟಿಗೆಯ ಮೇಲೆ ಒಳಗಿರುವುದು ಬ್ಯಾಟರಿಯೋ ಕೆಪಾಸಿಟರೋ, ಎಷ್ಟು ಡಿಗ್ರಿವರೆಗೆ ನಡೆಯುತ್ತದೆ ಅನ್ನುವ ಎರಡು ಸಾಲು ಬರೆಯಲೇಬೇಕು ಅಂತ ಸರ್ಕಾರ ನಿಯಮ ಮಾಡಬೇಕು. ಇದು ನನ್ನ ಬೇಡಿಕೆ.

ಉಬ್ಬಿದ ಬ್ಯಾಟರಿ ಕಂಡರೆ ಮತ್ತೆ ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಗ್ಯಾಸ್ ಬಿಡಿಸಲು ಪಿನ್ ಚುಚ್ಚಬೇಡಿ. ಒಣ ಮರಳು ತುಂಬಿದ ಮಡಕೆಯಲ್ಲಿಟ್ಟು ಮನೆಯ ಹೊರಗಿಡಿ. ಕಸದ ಗಾಡಿಗೆ ಮಾತ್ರ ಹಾಕಬೇಡಿ. ಅದರಲ್ಲಿ ಕಸ ಒತ್ತುವಾಗ ಇದೂ ಜಜ್ಜಿ ಬೆಂಕಿ ಹತ್ತಬಹುದು, ಗಾಡಿಯಲ್ಲಿ ಪೌರಕಾರ್ಮಿಕರು ಇರುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆ ಬ್ಯಾಟರಿ ವಾಪಸ್ ಪಡೆಯುವ ಹೊಣೆ ತಯಾರಕರದ್ದು. ನನಗೆ ಮಾರಿದ ಅಂಗಡಿಯವರು ಈ ನಿಯಮದ ಹೆಸರೇ ಕೇಳಿರಲಿಲ್ಲ.

ಇದೆಲ್ಲ ಬರೆಯಲು ಕಾರಣ ನಮ್ಮ ಓಣಿಯ ಟ್ಯಾಕ್ಸಿ ಹುಡುಗ. ನನ್ನದೇ ಕ್ಯಾಮೆರಾ ನೋಡಿ ಅವನೂ ಅದನ್ನೇ ಹಾಕಿಸಿದ್ದ. ಹೋದ ಭಾನುವಾರ ಅವನ ಗಾಡಿ ನೋಡಿದೆ. ಮುಚ್ಚಳ ಇನ್ನೂ ಎದ್ದಿಲ್ಲ, ಆದರೆ ಬೆರಳು ಸವರಿದರೆ ನಡುವೆ ಉಬ್ಬು ತಿಳಿಯುತ್ತಿತ್ತು. ತೆಗೆಸು ಅಂದೆ. "ಅಕ್ಕಾ, ತೆಗದ್ರ ನಾಳೆ ಯಾರಾದ್ರೂ ಗುದ್ದಿ ನಂದೇ ತಪ್ಪು ಅಂದ್ರ?" ಅಂದ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಬ್ಬರೂ ಅದೇ ರಿಪೇರಿ ಹುಡುಗನ ಹತ್ತಿರ ಹೋದೆವು. ಅವನು ಬ್ಯಾಟರಿ ಮಾತ್ರ ತೆಗೆದು ಕೊಟ್ಟ. ಈಗ ಕ್ಯಾಮೆರಾ ಬರೀ ಕೇಬಲ್ ಮೇಲೆ ನಡೆಯುತ್ತಿದೆ. ಕರೆಂಟ್ ಥಟ್ಟನೆ ಹೋದರೆ ಕೊನೆಯ ತುಣುಕು ಉಳಿಯುವುದಿಲ್ಲ, ಅದನ್ನೂ ಅವನಿಗೆ ಹೇಳಿದ್ದೇನೆ. ದಿನಾ ಬೆಳಿಗ್ಗೆ ಗಾಡಿ ಹತ್ತಿದ ಕೂಡಲೇ ತಾರೀಖು, ಟೈಮು ಸರಿ ಮಾಡಿಕೊಳ್ಳುತ್ತಾನೆ. ದೀಪಾವಳಿ ಹೊತ್ತಿಗೆ ಕೆಪಾಸಿಟರ್ ಇರುವುದು ಕೊಳ್ಳೋಣ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ.